ಮಾದಣ್ಣನ ಹೆಬ್ಬೆರಳು

ಗುಂಡ್ಲುಪೇಟೆಯ ಸೈಕಲ್ ಶಾಪಿನ ಮಾದಣ್ಣ ಗಾಳಿ ಅಳೆಯಲು ಮೀಟರ್ ಇಟ್ಟುಕೊಂಡಿರಲಿಲ್ಲ. ಟೈರಿನ ಮೇಲೆ ಬಲಗೈ ಹೆಬ್ಬೆರಳು ಒತ್ತಿ, "ಇನ್ನು ನಾಕು ಪಂಪ್ ಒಡಿ" ಎನ್ನುತ್ತಿದ್ದ. ಅಗಲವಾದ, ಚಪ್ಪಟೆಯಾದ, ಉಗುರಿನ ಸುತ್ತ ಪಂಚರ್ ಹಾಕುವ ಸಲ್ಯೂಶನ್ ಅಂಟಿ ಕರ್ರಗಾದ ಬೆರಳು. ಅದರ ಮಾತನ್ನು ಊರೆಲ್ಲ ನಂಬುತ್ತಿತ್ತು.

ಹೈಸ್ಕೂಲಿಗೆ ಹೋಗುವಾಗ ನನ್ನ ಸೈಕಲ್ ಪಂಚರ್ ಆಗುವುದೇ ಕೆಲಸ. ಮೂರನೇ ಸಲ ಅವನು ಟ್ಯೂಬನ್ನು ನನ್ನ ಕೈಗೇ ಕೊಟ್ಟ. "ನೀನೇ ಪ್ಯಾಚ್ ಆಕು ಕಣಮ್ಮಿ. ರೋಡಲ್ಲಿ ನಿಂತ್ಕಂಡು ಯಾವನಾದ್ರೂ ಬತ್ತಾನೆ ಅಂತ ಕಾಯ್ಬ್ಯಾಡ." ಅವತ್ತು ಸಿಟ್ಟು ಬಂದಿತ್ತು. ಆದರೆ ಅಂದಿನಿಂದ ನಾನು ಯಾರಿಗೂ ಕಾದಿಲ್ಲ.

ಅವನ ಎಡಗಣ್ಣು ಚಿಕ್ಕಂದಿನಲ್ಲೇ ಸ್ಪೋಕ್ಸ್ ಕಡ್ಡಿ ಸಿಡಿದು ಹೋಗಿತ್ತು. ಉಳಿದ ಒಂದೇ ಕಣ್ಣಲ್ಲಿ ಚಕ್ರದ ಬೆಂಡ್ ತೆಗೆಯುತ್ತಿದ್ದ. ಚಕ್ರ ತಿರುಗಿಸಿ ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದರೆ ಸೊಟ್ಟಗಿದ್ದ ಕಡೆ ಬಿಳಿ ಗೀಟು ಬೀಳುತ್ತಿತ್ತು. ಒಮ್ಮೆ ಯಾರೋ ಒಂಟಿಗಣ್ಣ ಎಂದು ಆಡಿಕೊಂಡಾಗ ತಲೆ ಎತ್ತದೆಯೇ ಕೇಳಿದ್ದ: "ಎಲ್ಡು ಕಣ್ಣಿದ್ದೂ ನಿನ್ ಗಾಡಿ ಯಾಕ್ಲಾ ಸೊಟ್ಟುಕ್ಕೆ ಓಯ್ತದೆ?"

ಎರಡು ವರ್ಷದ ಹಿಂದೆ ಆ ಒಂದು ಕಣ್ಣೂ ಕೆಂಪಾಗಿ ನೋಯತೊಡಗಿತು. ನಾನು ಆಗ ಉಡಿಗಾಲದ ಶಾಲೆಯಲ್ಲಿ ಟೀಚರ್, ಮನೆ ಚಾಮರಾಜನಗರದಲ್ಲಿ. ಬಸ್ಸಿಳಿದು ಬಂದ ಅವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಗ್ಲಾಕೋಮಾ, ಅದರಲ್ಲೂ ಮೊಂಡು ಜಾತಿಯದು ಎಂದರು ಡಾಕ್ಟರಮ್ಮ. ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ಬೇಡದ ರಕ್ತನಾಳಗಳು ಬೆಳೆದು, ನೀರು ಹೊರಹೋಗುವ ದಾರಿಯನ್ನು ಮುಚ್ಚಿ, ಒತ್ತಡ ಏರಿತ್ತು. ಬರೀ ಹನಿ ಔಷಧಿಗೆ ಅದು ಬಗ್ಗುವುದಿಲ್ಲ, ಜೊತೆಗೆ ಕಣ್ಣಿಗೇ ಇಂಜೆಕ್ಷನ್ ಕೊಡಬೇಕು ಎಂದರು.

ಫೋನಿನಲ್ಲಿ ಇದನ್ನು ಕೇಳಿದವನೇ ಅವನ ಮಗ, "ಶಾಪ್ ಮುಚ್ಚಪ್ಪ, ಮನೇಲಿ ಕೂತ್ಕೊ" ಎಂದ.

"ಮುಚ್ಚಕ್ಕಿಲ್ಲ," ಎಂದ ಮಾದಣ್ಣ. "ಕಣ್ಣು ನನ್ಗಿಂತ ಮುಂಚೆ ಓಗಕ್ಕೆ ನಾ ಬುಡಕ್ಕಿಲ್ಲ. ಚುಚ್ಚಿ ಡಾಕ್ಟ್ರಮ್ಮ."

ಮರಗಟ್ಟಿಸುವ ಹನಿ ಹಾಕಿ ಚುಚ್ಚಿದರು. ಹೊರಗೆ ಬಂದವನು ನನ್ನ ಮುಖ ನೋಡಿ ತಾನೇ ಸಮಾಧಾನ ಹೇಳಿದ. "ಮುಳ್ಳು ಚುಚ್ಕಂಡು ಬರೋ ಟ್ಯೂಬ್ ನೋಡಿದ್ದೆ ಕಣಮ್ಮಿ. ಚುಚ್ಚಿ ರಿಪೇರಿ ಮಾಡದ ಇವತ್ತೇ ಕಂಡಿದ್ದು."

ಮುಂದಿನ ತಿಂಗಳು ತಲೆ ಹಿಡಿದುಕೊಂಡು ಬಂದ. ದಾರಿಯಲ್ಲಿ ಎರಡು ಸಲ ವಾಂತಿಯಾಗಿತ್ತು. ಒತ್ತಡ ಅಳೆದ ಡಾಕ್ಟರಮ್ಮ ಗಾಬರಿಯಾಗಿ, ಹನಿ ಹಾಕಿಕೊಳ್ಳುತ್ತಿದ್ದೀರಾ ಎಂದು ಕೇಳಿದರು.

"ಇಂಜೆಕ್ಸನ್ ಆದ್ಮೇಲೆ ಅದ್ಯಾಕೆ? ದಿನಾ ಬೆಳಿಗ್ಗೆ ಒತ್ತಿ ನೋಡ್ಕತೀನಿ. ಗಾಳಿ ಜಾಸ್ತಿ ಇಲ್ಲ, ಮೆತ್ತಗದೆ" ಎಂದವನೇ ರೆಪ್ಪೆ ಮುಚ್ಚಿ ಹೆಬ್ಬೆರಳನ್ನು ಕಣ್ಣಿನ ಮೇಲಿಟ್ಟ. ಡಾಕ್ಟರಮ್ಮ ಅವನ ಮಣಿಕಟ್ಟು ಹಿಡಿದು ಎಳೆದರು.

"ಇದು ಟೈರಲ್ಲ ಕಣ್ರೀ! ಇಂಜೆಕ್ಷನ್ ಆ ರಕ್ತನಾಳಗಳನ್ನ ಒಣಗಿಸುತ್ತೆ. ದಿನದಿನದ ಒತ್ತಡ ತಗ್ಗಿಸೋದು ಹನಿ. ಒಂದು ಇದೆ ಅಂತ ಇನ್ನೊಂದನ್ನ ಬಿಡೋ ಹಾಗಿಲ್ಲ."

"ನಲವತ್ತು ವರ್ಸದಿಂದ ನನ್ ಬೆರಳು ಸುಳ್ಳು ಯೋಳಿಲ್ಲ. ನಿಮ್ ಅಳೆಯೋ ಮಿಸಿನ್ನೇ ಕೆಟ್ಟದೆ" ಎಂದು ಮಾದಣ್ಣ ರೇಗಿದ. ಅವರು ಗೋಡೆಯ ಅಕ್ಷರಗಳನ್ನು ಓದಿಸಿದರು. ಹೋದ ತಿಂಗಳು ಸಲೀಸಾಗಿ ಓದಿದ್ದ ಎರಡು ಸಾಲು ಈಗ ಅವನಿಗೆ ಕಾಣಲಿಲ್ಲ. ಅವನು ಮತ್ತೆ ಮತ್ತೆ ಕಣ್ಣುಜ್ಜಿಕೊಂಡು ನೋಡಿದ.

ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಮುಟ್ಟಲಿಲ್ಲ. ಹೆಬ್ಬೆರಳನ್ನೇ ಮುಖದ ಹತ್ತಿರ ಹಿಡಿದು ನೋಡುತ್ತಿದ್ದ. ಬೈಯಬೇಕೆಂದು ಬಂದ ನಾನು ಅಡುಗೆಮನೆಗೆ ಹೋಗಿ ಅತ್ತೆ. ತಿರುಗಿ ಬಂದಾಗ ಅವನು ತಟ್ಟೆಯನ್ನು ಹತ್ತಿರ ಎಳೆದುಕೊಂಡಿದ್ದ. "ಎಲ್ಡು ಸಾಲು ಓಯ್ತು. ಮೂರ್ನೇದ ಬುಡಕ್ಕಿಲ್ಲ. ಉಪ್ಪಿನಕಾಯಿ ಕೊಡು."

ಮತ್ತೆ ಹನಿ, ಮತ್ತೆ ಇಂಜೆಕ್ಷನ್. ರಕ್ತನಾಳಗಳು ಒಣಗಿದ ಮೇಲೆ ಮೈಸೂರಿನಲ್ಲಿ ಆಪರೇಷನ್ ಮಾಡಿ, ನೀರು ಹರಿದುಹೋಗಲು ಪುಟ್ಟ ನಳಿಗೆಯ ವಾಲ್ವ್ ಇಟ್ಟರು. ಹೋದ ಸಾಲುಗಳು ವಾಪಸು ಬರಲಿಲ್ಲ, ಉಳಿದದ್ದು ಉಳಿಯಿತು; ಹನಿಯನ್ನು ಮಾತ್ರ ದಿನಕ್ಕೆರಡು ಸಲ ಹಾಕಿಕೊಳ್ಳುತ್ತಲೇ ಇರಬೇಕಿತ್ತು. ಫೋನಿನಲ್ಲಿ ಅವನ ನಗು ನಿಲ್ಲಲೇ ಇಲ್ಲ: "ಊರ್ಗೆಲ್ಲ ವಾಲ್ ಆಕ್ದೋನು ನಾನು. ಈಗ ನಂಗೇ ವಾಲ್ ಆಕ್ಬುಟ್ರು ಕಣಮ್ಮಿ!"

ಕೊನೆಯ ಸಲ ಅವನನ್ನು ನೋಡಿದ್ದು ಶಾಪಿನಲ್ಲೇ. ನನ್ನ ಸ್ಕೂಟರಿನ ಟೈರನ್ನು ಹೆಬ್ಬೆರಳಲ್ಲಿ ಒತ್ತಿದ, ಆಮೇಲೆ ಹೊಸದಾಗಿ ಕೊಂಡಿದ್ದ ಮೀಟರನ್ನೂ ಇಟ್ಟು ನೋಡಿದ. ಎರಡೂ ಒಂದೇ ಹೇಳಿದವು. "ಟೈರಿಗೆ ಮಾತ್ರ ಇದು ಇನ್ನೂ ಸರಿಯಾಗೇ ಯೋಳ್ತದೆ" ಎಂದು ಬೆರಳನ್ನು ನನ್ನ ಮುಖಕ್ಕೆ ಹಿಡಿದ.

ಈ ಬೇಸಿಗೆಯಲ್ಲಿ, ಚಕ್ರವೊಂದರ ಬೆಂಡ್ ತೆಗೆಯುತ್ತಿದ್ದವನಿಗೆ ಎದೆನೋವು ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟ. ಕಾರ್ಯ ಮುಗಿದ ಮೇಲೆ ಮಗ ಶಾಪಿನ ಬಾಗಿಲು ತೆಗೆದು ತೋರಿಸಿದ. ಒಳಬಾಗಿಲ ಹಲಗೆಯ ತುಂಬ ಸೀಮೆಸುಣ್ಣದ ಗೀಟುಗಳು, ತಾರೀಕಿನ ಪಕ್ಕ ದಿನಕ್ಕೆ ಎರಡರಂತೆ. ಹನಿ ಹಾಕಿಕೊಂಡಾಗಲೆಲ್ಲ ಒಂದು ಗೀಟು ಎಳೆಯುತ್ತಿದ್ದನಂತೆ. ಬೆರಳಿಟ್ಟು ಒಂದೊಂದೇ ದಿನ ನೋಡುತ್ತ ಬಂದೆ. ಎಲ್ಲೂ ತಪ್ಪಿರಲಿಲ್ಲ. ಅವನು ಹೋದ ದಿನದ ಬೆಳಗಿನ ಗೀಟೂ ಇತ್ತು.

ಹೇಳಿದ್ದಂತೆಯೇ ಮಾಡಿದ್ದ. ಕಣ್ಣನ್ನು ತನಗಿಂತ ಮುಂಚೆ ಹೋಗಲು ಬಿಡಲಿಲ್ಲ.