ಗೋಡೆಯಾಚೆಯ ಮಾವನೂ ನನ್ನ ಜೀನ್ ವರದಿಯೂ

ಮಾವನ ಬಲಗೈಯ ತೋರುಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಉಳಿದರ್ಧ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಸುರಂಗದಲ್ಲೆಲ್ಲೋ ಭೂಗತವಾಗಿದೆ. ತಲೆಯ ಮೇಲಿನ ಬಂಡೆಯನ್ನು ಸರಳಿನಿಂದ ತಟ್ಟಿ, ಸದ್ದು ಕೇಳಿ, ಅದು ಬೀಳುತ್ತದೋ ಇಲ್ಲವೋ ಹೇಳುವುದು ಅಲ್ಲಿ ಅವರ ಕೆಲಸವಾಗಿತ್ತು. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯ ಪುಟ್ಟ ಲ್ಯಾಬೊಂದರಲ್ಲಿ ರಕ್ತ ತೆಗೆಯಲು ಕಲಿತರು. ಅದೇ ಬೆರಳಿನಿಂದ ಜನರ ತೋಳು ತಟ್ಟಿ, ಕಣ್ಣು ಮುಚ್ಚಿ, ನರ ಹುಡುಕುವರು. ಅಷ್ಟು ಹೊತ್ತು ನಾವೂ ಬಂಡೆಗಳ ಗಾಂಭೀರ್ಯದಿಂದ ಕೂರುತ್ತಿದ್ದೆವು.

ಊರಿಗಾಂನ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿ, ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಲೈನಿನ ಸಂವಿಧಾನದ ಪ್ರಕಾರ ಗೋಡೆಯಾಚೆಯ ಗಂಡಸು ಮಾವ. ಅವರ ಮನೆಮಾತು ತೆಲುಗು, ನಮ್ಮದು ಕನ್ನಡ. ಆದರೂ ಹುಟ್ಟಿದಾಗಿನಿಂದ ನಾನು ಅವರ ಅಳಿಯ.

ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಕೊಡುವ ಸೂಚಕದ ವರದಿಯನ್ನು ಅವರು ಸುಮ್ಮನೆ ಕೈಗೆ ಕೊಟ್ಟವರಲ್ಲ. "ಜರ ಬಂದಿತ್ತಾ? ಅಲ್ಲು ನೋವಿತ್ತಾ? ಎಲ್ಲಾನ ಗಾಯ?" ಎಂದು ವಿಚಾರಣೆ ನಡೆಸಿ, ಉತ್ತರವನ್ನು ಕಾಗದದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯುವರು. "ಮೈಯಾಗೆ ಎಲ್ಲಿ ಉರಿಯೂತ ಇದ್ರೂ ಈ ನಂಬರ್ ಏರ್ತದೆ. ಡಾಕ್ಟ್ರಿಗೆ ಇದ್ನೂ ತೋರ್ಸು."

ಎರಡು ವರ್ಷದ ಹಿಂದೆ ನನ್ನದೇ ಸಂಖ್ಯೆ ಏರಿತು. ಜ್ವರವಿಲ್ಲ, ಹಲ್ಲು ನೆಟ್ಟಗಿದೆ, ಸ್ಕ್ಯಾನಿನಲ್ಲೂ ಏನಿಲ್ಲ. ದೊಡ್ಡಾಸ್ಪತ್ರೆಯವರು ಜೀನ್ ಪರೀಕ್ಷೆ ಮಾಡಿಸಿ ಹನ್ನೆರಡು ಪುಟದ ವರದಿ ಕೊಟ್ಟರು. ಅದರ ಸಾರಾಂಶ: ಉರಿಯೂತಕ್ಕೆ ಸಂಬಂಧಪಟ್ಟ ಜೀನೊಂದು ನನ್ನಲ್ಲಿ ಹುಟ್ಟಿನಿಂದಲೇ ತುಸು ಬೇರೆ ಥರ, ಇಂಥವರಲ್ಲಿ ಕಾಯಿಲೆಯಿಲ್ಲದೆಯೂ ಸೂಚಕ ಏರಿರಬಹುದು, ಆದರೆ ಏರಿದ್ದು ಇದರಿಂದಲೇ ಎನ್ನಲಾಗದು. ಮೂರು ಸಲ ಓದಿದೆ. ನನ್ನ ಅಜ್ಞಾನವೊಂದು ಖಚಿತವಾಯಿತು.

"ಕಾಯ್ಲೆ ಐತೋ ಇಲ್ವೋ ಮಾವಾ?"

"ಗೊತ್ತಿಲ್ಲ ಅಳಿಯಾ. ಮೂರ್ ತಿಂಗ್ಳು ಬಿಟ್ ಬಾ, ಇನ್ನೊಂದ್ ಕಿತ ನೋಡಾನ."

ಅಷ್ಟು ದಿನದ ಅಲೆದಾಟದಲ್ಲಿ ಗೊತ್ತಿಲ್ಲ ಎಂದು ನೇರವಾಗಿ ಹೇಳಿದವರು ಅವರೊಬ್ಬರೇ.

ಆಮೇಲೆ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದರು. ಅವರದೇ ರಕ್ತ, ಅದೇ ಸೂಚಕ, ನನ್ನದಕ್ಕಿಂತ ಜಾಸ್ತಿ. "ಸ್ಕ್ಯಾನ್ ಮಾಡ್ಸು ಅಂತಾವ್ರೆ."

"ನಿಂದೂ ಇದೇ ಜೀನ್ ಇರ್ಬೇಕು ಬಿಡು ಮಾವಾ. ಎಷ್ಟಾನ ಆಗ್ಲಿ, ನಾನ್ ನಿನ್ ಅಳಿಯ ಅಲ್ವಾ?"

ನಗಿಸಲು ಹೇಳಿದ ಮಾತು. ಅವರು ನಗಲಿಲ್ಲ. ನನ್ನ ವರದಿಯನ್ನು ಇಸಕೊಂಡು, ಜೆರಾಕ್ಸ್ ಮಾಡಿಸಿ, ತಮ್ಮ ಕಾಗದಕ್ಕೆ ಪಿನ್ ಹಾಕಿಕೊಂಡರು. ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಗದಂತೆ ಪ್ರತಿ ಟ್ಯೂಬಿನ ಚೀಟಿಯನ್ನೂ ಎರಡೆರಡು ಸಲ ಓದುವ ಮನುಷ್ಯ!

ಐದು ತಿಂಗಳು ಅವರು ಸ್ಕ್ಯಾನಿಗೆ ಹೋಗಲಿಲ್ಲ. ಹೋದಾಗ ಮೇದೋಜೀರಕದ ಗಡ್ಡೆ ಲಿವರಿಗೂ ಹಬ್ಬಿತ್ತು. ಮೊದಲೇ ಹೋಗಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು.

ಅವರ ಮಂಚದ ಪಕ್ಕ ಕೂತು, "ಅವತ್ತು ಆ ಮಾತು ನಾನ್ ಆಡ್ಬಾರ್ದಾಗಿತ್ತು ಮಾವಾ" ಎಂದೆ.

"ಐದ್ ತಿಂಗ್ಳು ಚೆನ್ನಾಗ್ ನಿದ್ದೆ ಬಂತು."

ಬೈದರೋ, ಸಮಾಧಾನ ಹೇಳಿದರೋ ತಿಳಿಯಲಿಲ್ಲ. ಆಮೇಲೆ ಅವರೇ ಕೇಳಿದರು: "ನೀನ್ ತಿರ್ಗಾ ಟೆಸ್ಟ್ ಕೊಟ್ಯಾ?"

ಕೊಟ್ಟಿರಲಿಲ್ಲ. ಮೂರು ತಿಂಗಳಾದಾಗ ಸೋಮಾರಿತನ, ಅವರನ್ನು ನೋಡಿದ ಮೇಲೆ ಧೈರ್ಯವೇ ಬಂದಿರಲಿಲ್ಲ.

"ಓಗಿ ಕೊಡೋ. ನನ್ ನೋಡಿ ಎದರ್ಬ್ಯಾಡ. ನಿಂದು ಬ್ಯಾರೆ ರಕ್ತ."

ಮರುದಿನವೇ ಕೊಟ್ಟೆ. ಸಂಖ್ಯೆ ಏರಿರಲಿಲ್ಲ, ಇಳಿದೂ ಇರಲಿಲ್ಲ. ಇದಕ್ಕೇನು ಅರ್ಥ ಎಂದು ಕೇಳಲು ವರದಿ ಹಿಡಿದು ಹೋದರೆ, ಅವರ ಬಾಗಿಲ ಮುಂದೆ ಜನ ಸೇರಿದ್ದರು. ಲೈನಿನ ಹಿರಿಯರೊಬ್ಬರು ನನ್ನನ್ನು ಕರೆದು, ಚಟ್ಟದ ಬಳಿ ಅಳಿಯನ ಜಾಗ ತೋರಿಸಿದರು. ನನ್ನದು ಬೇರೆ ರಕ್ತವಂತೆ ಎಂದು ಹೇಳಬೇಕಿತ್ತೋ ಏನೋ. ವರದಿಯನ್ನು ಜೇಬಿಗಿಟ್ಟು ಹೆಗಲು ಕೊಟ್ಟೆ.