ಮೊದಲ ಎಲೆಯ ಊಟ

ಆ ದಿನಗಳ ಬಸ್ಸಿನ ವಾಸನೆ ನನಗೆ ಬಹಳ ಇಷ್ಟವಾಗಿತ್ತು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಳ್ಳಾರಿಯ ಬಸ್ಸುಗಳು ಇದ್ದಲಿನ ಗ್ಯಾಸಿನಿಂದ ಓಡುತ್ತಿದ್ದವು. ಬಸ್ಸಿನ ಹಿಂದುಗಡೆ ಹಂಡೆಯಂಥ ಒಂದು ಒಲೆ; ಕ್ಲೀನರು ಪಕ್ಕದ ಹಿಡಿಕೆಯನ್ನು ಗಿರಗಿರ ತಿರುಗಿಸಿದರೆ ಒಳಗೆ ಕೆಂಡ ಕಣ್ಣು ಬಿಡುತ್ತಿತ್ತು. ಬೇಸಿಗೆ ರಜೆಗೆ ಕಾನ್ವೆಂಟು ಮುಚ್ಚಿದ ಮರುದಿನ ಅಪ್ಪನೊಂದಿಗೆ ಹತ್ತಿ ಕುರುಗೋಡಿನಲ್ಲಿ ಇಳಿಯುವಷ್ಟರಲ್ಲಿ ನನ್ನ ಬಿಳಿ ಫ್ರಾಕಿನ ಮಡಿಕೆಗಳಲ್ಲಿ ಸಣ್ಣ ಸಣ್ಣ ಕರಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಯಾವುದೋ ಗುಡ್ಡದ ಗಿಡವಾಗಿತ್ತೆಂದು ಆಗ ನನಗೆ ಹೊಳೆದಿರಲಿಲ್ಲ.

ಕುರುಗೋಡಿನಲ್ಲಿ ಅಪ್ಪನ ತಾಯಿ, ನನ್ನ ಅಜ್ಜಿ, ಒಬ್ಬಳೇ ಇದ್ದಳು. ಹಿತ್ತಲ ಬಾಗಿಲು ತೆರೆದರೆ ಬಂಡೆಗುಡ್ಡ. ಅದರ ಒಂದು ಮಗ್ಗುಲಿಗೆ ಅಜ್ಜಿಯ ಕಾಡು. ಅರಿಶಿನ ಕುಂಕುಮಕ್ಕೆಂದು ಅವಳ ತವರಿನವರು ಬರೆದುಕೊಟ್ಟದ್ದು. ಕಾಡೆಂದರೆ ಆಕಾಶ ಮುಚ್ಚುವ ಮರಗಳೇನೂ ಅಲ್ಲ. ಮುತ್ತುಗ, ಸೀತಾಫಲ, ಹುಳಿಕಾಯಿಯ ಕವಳಿಕಂಟಿ, ಹಳದಿ ಹೂವಿನ ತಂಗಡಿ. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಬಳ್ಳಾರಿಯಲ್ಲಿ ಸಂಜೆಯಾದರೂ ಕಲ್ಲುಗುಡ್ಡ ಹಗಲಿನ ಕಾವನ್ನು ನಮ್ಮ ಮುಖಕ್ಕೇ ಹಿಂತಿರುಗಿಸುತ್ತಿತ್ತು. ಇಲ್ಲಿ ಹೊತ್ತು ಮುಳುಗಿದೊಡನೆ ಆ ಕಂಟಿಗಳ ನಡುವಿನಿಂದ ಗಾಳಿ ತಣ್ಣಗೆ ಇಳಿದು ಬಂದು ಅಂಗಳದ ರಂಗೋಲಿಯ ಪುಡಿಯನ್ನು ಅಷ್ಟಿಷ್ಟು ಕದಲಿಸಿ ಹೋಗುತ್ತಿತ್ತು.

ಕಾಡಿನ ಬುಡದಲ್ಲಿ ಒಂದು ಸೆಲೆಬಾವಿ. ಓಣಿಯ ಬಾವಿಗಳೆಲ್ಲ ತಳ ತೋರಿಸಿದ ಮೇಲೂ ಅದರಲ್ಲಿ ಕೊಡ ಮುಳುಗುವಷ್ಟು ನೀರು. ಯಾಕೆ ಎಂದು ನಾನು ಕೇಳಿದ್ದಕ್ಕೆ ಅಜ್ಜಿ ಹೇಳಿದ್ದಳು: “ಕಲ್ಲಿನ ಮ್ಯಾಲೆ ಬಿದ್ದ ಮಳಿ ಅಳಿಯ ಇದ್ದಂಗವ್ವ, ಬಂದದ್ದ ಗೊತ್ತು, ಹೋದದ್ದ ಗೊತ್ತು. ಗಿಡದ ಬುಡಕ್ಕ ಬಿದ್ದದ್ದು ತವರಿಗೆ ಬಂದ ಮಗಳು. ಹೋಗಾಕ ಮನಸ್ಸ ಬರಂಗಿಲ್ಲ ಅದಕ್ಕ.”

ಓಣಿಯ ಕೊನೆಯ ಮನೆಯಲ್ಲಿ ಎಲೆಯಾಕೆ ಇದ್ದಳು. ಗಂಡ ತೀರಿಕೊಂಡಿದ್ದ, ನನ್ನ ವಾರಿಗೆಯ ಒಬ್ಬಳು ಮಗಳು. ಮುತ್ತುಗದ ಎಲೆ ಕಿತ್ತು ತಂದು, ಅದೇ ಗುಡ್ಡದ ಹಂಚಿಹುಲ್ಲಿನ ಕಡ್ಡಿಯನ್ನು ಸೀಳಿ ಚುಚ್ಚಿ, ಊಟದ ಎಲೆ ಹಚ್ಚುವುದೇ ಅವರ ಬದುಕು. ಆಕೆಯ ತವರು ತೆಲುಗು ಕಡೆಯದು, ಅದಕ್ಕೆ ಪತ್ರಾವಳಿಯನ್ನು ಇಸ್ತ್ರಾಕು ಎನ್ನುತ್ತಿದ್ದಳು. ಮದುವೆಯ ಕಾಲಕ್ಕೆ ಅವಳ ಎಲೆಯ ಕಟ್ಟುಗಳು ಬಂಡಿ ಹತ್ತಿ ಸಿರುಗುಪ್ಪದವರೆಗೂ ಹೋಗುತ್ತಿದ್ದವು. ಹೊಳೆಯ ಸೀಮೆಯಲ್ಲಿ ಅಕ್ಕಿಗೇನು ಕೊರತೆ. ಆದರೆ ಅನ್ನ ಬಡಿಸಿಕೊಳ್ಳಲು ಎಲೆ ನಮ್ಮ ಗುಡ್ಡದಿಂದಲೇ ಹೋಗಬೇಕು.

ಆ ಎಲೆಗೆ ಒಂದು ಪದ್ಧತಿ ಇತ್ತು. ಮುತ್ತುಗ ಹೂ ಉದುರಿಸಿ ಹೊಸ ಎಲೆ ಬಲಿತಾಗ, ಆಕೆ ಹಚ್ಚಿದ ಮೊದಲ ಪತ್ರಾವಳಿ ಅಜ್ಜಿಗೆ. ಅಜ್ಜಿ ಅದರ ಮೇಲೆ ಉಂಡಳೆಂದರೆ, ಮುಂದಿನ ವರ್ಷದ ಹೊಸ ಎಲೆ ಬರುವವರೆಗೆ ಕಾಡಿಗೆ ಕೊಡಲಿ ಹೋಗುವಂತಿಲ್ಲ. ಆಕೆಯೂ ಕುಡುಗೋಲು ಒಯ್ಯುವಂತಿಲ್ಲ, ಕೈಯಿಂದಲೇ ಕೀಳಬೇಕು, ಕುಡಿ ಬಿಡಬೇಕು. ಕಾಗದವಿಲ್ಲ, ಸಾಕ್ಷಿಯಿಲ್ಲ. ಉಂಡದ್ದೇ ಮಾತು.

ನನಗೆ ಹನ್ನೊಂದು ವರ್ಷವಾಗಿದ್ದಾಗಿನ ಬೇಸಿಗೆ. ಆ ಸಲ ಅಪ್ಪನ ಕೈಚೀಲದಲ್ಲಿ ಟೈಪು ಮಾಡಿದ ಒಂದು ಕಾಗದವಿತ್ತು. ಇದ್ದಲಿನ ಕಂಟ್ರಾಕ್ಟರು ಅಪ್ಪನ ಸ್ನೇಹಿತರು. ಅಜ್ಜಿಯ ಕಾಡನ್ನು ಕಡಿಯಲು ಕೊಡುವುದಾಗಿ ಅವರಿಗೆ ಅಪ್ಪ ಮಾತು ಕೊಟ್ಟುಬಿಟ್ಟಿದ್ದರು. ಮಧ್ಯಾಹ್ನದ ಬಸ್ಸಿಗೆ ಅವರು ಬರುವವರಿದ್ದರು. ಕಾಡು ಅಜ್ಜಿಯ ಹೆಸರಿನಲ್ಲಿದ್ದುದರಿಂದ ಅವಳ ಹೆಬ್ಬೆಟ್ಟು ಬೇಕಾಗಿತ್ತು.

“ಬರೀ ಮುಳ್ಳುಕಂಟಿ ಅವ್ವಾ. ಯಾರಿಗೆ ಏನು ಉಪಯೋಗ? ಬಸ್ಸರ ಓಡ್ಲಿ,” ಎಂದರು ಅಪ್ಪ.

ಅವರೇ ಮಸಿ ಹಚ್ಚಿ ಅಜ್ಜಿಯ ಎಡಗೈ ಹೆಬ್ಬೆರಳನ್ನು ಕಪ್ಪು ಮಾಡಿದರು. ನನ್ನ ಕಡೆ ತಿರುಗಿ, “ಎಲ್ಲಿ ಒತ್ತಬೇಕು ತೋರಿಸವ್ವ, ಸಾಕು,” ಎಂದರು.

ಅಜ್ಜಿ ಬೆರಳು ಎತ್ತಿ ಹಿಡಿದೇ ಕೇಳಿದಳು: “ಇಂಗ್ಲಿಷ್ ಸಾಲಿಗೆ ಹೋಗ್ತಿ. ಮೊದ್ಲು ಓದಿ ಹೇಳು, ಏನು ಬರದೈತಿ.”

ಪುಟವನ್ನು ಮೇಲಿನಿಂದ ಕೆಳಗೆ, ಸಾಲು ಬಿಡದೆ ಓದಬೇಕೆಂದು ಸಿಸ್ಟರುಗಳು ಕಲಿಸಿದ್ದರು. ಹಾಗೆಯೇ ಓದಿ ಕನ್ನಡದಲ್ಲಿ ಹೇಳಿದೆ. ನಿಂತ ಮರ, ಬಿದ್ದ ಮರ, ಬೇರು, ಬೊಡ್ಡೆ, ಎಲ್ಲವೂ ಕಂಟ್ರಾಕ್ಟರಿಗೆ. ಅಪ್ಪ ಕೆಮ್ಮಿದರು. ನಾನು ನಿಲ್ಲಿಸಲಿಲ್ಲ.

“ಎಲಿ ಬಗ್ಗೆ ಏನೈತಿ?”

“ಇಲ್ಲಜ್ಜಿ.”

“ಬಾವಿ ಬಗ್ಗೆ?”

“ಅದೂ ಇಲ್ಲ.”

“ಹಂಗಾರ ಇದು ಬ್ಯಾರೆ ಯಾರದರ ಗುಡ್ಡ ಇರಬೇಕು,” ಎಂದಳು ಅಜ್ಜಿ.

ಆಗ ನೋಡಿದೆ, ಹಿತ್ತಲ ಬಾಗಿಲಲ್ಲಿ ಎಲೆಯಾಕೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕೈಯಲ್ಲಿ ಆ ವರ್ಷದ ಮೊದಲ ಪತ್ರಾವಳಿ. ಹಿಂದೆ ಅವಳ ಮಗಳು ತಾಯಿಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು.

“ಇಸ್ತ್ರಾಕು ತಂದಿದ್ನಿ ಅಮ್ಮಾ. ಕೆಲಸ ಇದ್ರ ನಾಳಿ ಬರ್ತೀನಿ,” ಎಂದಳು. ನಾಳೆಗೆ ಏನು ಉಳಿಯುತ್ತದೆಂದು ಅವಳಿಗೂ ಗೊತ್ತಿತ್ತು.

“ಬಾ. ಹಾಸು ಇಲ್ಲಿ,” ಎಂದಳು ಅಜ್ಜಿ.

ಅಪ್ಪ ಎದ್ದು ನಿಂತರು. ಅವರೂ ಆ ಮನೆಯಲ್ಲೇ ಬೆಳೆದವರು. ಎಲೆ ಹಾಸಿದರೆ ಏನರ್ಥವೆಂದು ಬಲ್ಲರು. “ಅವ್ವಾ, ಈಗ ಎರಡು ರೊಟ್ಟಿ ತಿಂದಿ!”

“ಮತ್ತ ಹಸಿವಾಗೈತಿ.”

“ಮೊದ್ಲು ಒತ್ತು, ಆಮ್ಯಾಲೆ ಉಣ್ಣು.”

“ಹಸದಾಕಿ ಮುಂದ ಕಾಗದ ಹಿಡಿಬ್ಯಾಡಲೇ. ಪಾಪ ಬರ್ತೈತಿ.”

ಎಲೆಯಾಕೆ ಹಾಸಿದ ಎಲೆಗೆ ನಾನು ಅನ್ನ ಬಡಿಸಿದೆ. ಬಿಸಿ ಅನ್ನ ಬಿದ್ದೊಡನೆ ಹಸಿರೆಲೆಯಿಂದ ಒಂದು ವಾಸನೆ ಎದ್ದಿತು: ಸಂಜೆ ಗುಡ್ಡದಿಂದ ಇಳಿದು ಬರುತ್ತಿದ್ದ ಗಾಳಿಯದೇ ವಾಸನೆ. ಅಜ್ಜಿ ಕವಳಿಕಾಯಿ ಉಪ್ಪಿನಕಾಯಿ ಹಾಕಿಸಿಕೊಂಡಳು. ಮಸಿಯ ಎಡ ಹೆಬ್ಬೆರಳನ್ನು ಸೀರೆಗೆ ತಾಗದಂತೆ ದೂರಕ್ಕೆ ಎತ್ತಿ ಹಿಡಿದು, ಬಲಗೈಯಿಂದ ನಿಧಾನ ತುತ್ತು ಕಲಸಿದಳು. ಎರಡನೆಯ ತುತ್ತಿಗೆ ಎಲೆಯಾಕೆ ಬಾಗಿಲ ಚೌಕಟ್ಟಿಗೆ ಒರಗಿದಳು. ಮೂರನೆಯದಕ್ಕೆ ಅಪ್ಪ ಕಾಗದ ಮಡಿಸಿದರು.

ಮಧ್ಯಾಹ್ನ ಕಂಟ್ರಾಕ್ಟರು ಬಂದಾಗ ಅವರಿಗೂ ಒಂದು ಎಲೆ ಹಾಕಲಾಯಿತು. “ಈ ವರ್ಷದ ಮಾತು ಮುಗದೈತ್ರಿ. ಹೊಸ ಎಲಿ ಬಂದ ಮ್ಯಾಲೆ ಬರ್ರಿ, ನೋಡೋಣು,” ಎಂದಳು ಅಜ್ಜಿ. ಅವರು ಉಪ್ಪಿನಕಾಯಿಯನ್ನು ಎರಡು ಸಲ ಹಾಕಿಸಿಕೊಂಡು, ಬೇರೆ ಗುಡ್ಡ ಹುಡುಕುವುದಾಗಿ ಹೇಳಿ ಹೋದರು. ಅಜ್ಜಿಯ ಹೆಬ್ಬೆರಳಿನ ಕಪ್ಪು ಹೋಗಲು ಎಂಟು ದಿನ ಬೇಕಾಯಿತು. ತಿರುಗಿ ಹೊರಟಾಗ ಬಸ್ಸಿನ ಆ ವಾಸನೆಗೆ ನಾನು ಮೊದಲ ಸಲ ಮೂಗಿಗೆ ಕರವಸ್ತ್ರ ಹಿಡಿದೆ.

ಮರುವರ್ಷ ಅಪ್ಪ ಕಾಗದ ತರಲಿಲ್ಲ. ಆಮೇಲೆ ಯುದ್ಧ ಮುಗಿಯಿತು, ಬಸ್ಸುಗಳಿಗೆ ಪೆಟ್ರೋಲು ಬಂತು. ಐವತ್ತರ ದಶಕದ ಮೊದಲಲ್ಲಿ ನನ್ನನ್ನು ಸಿರುಗುಪ್ಪಕ್ಕೆ ಕೊಟ್ಟರು. ಅಜ್ಜಿ ತನಗೆ ಬಂದ ಹಾಗೆಯೇ ಆ ಕಾಡನ್ನು ನನ್ನ ಅರಿಶಿನ ಕುಂಕುಮಕ್ಕೆ ಬರೆದಳು. ಅದಕ್ಕೆ ಒತ್ತಿದ ಹೆಬ್ಬೆಟ್ಟು ಸ್ವಲ್ಪವೂ ಅಲುಗಿರಲಿಲ್ಲ.

ಮದುವೆಯಾದ ವರ್ಷದ ಬೇಸಿಗೆ. ಊಟ ಮುಗಿಸಿ, ಎಂಜಲು ಬಳಿದು, ಅಡುಗೆಮನೆಯ ಕಿಟಕಿಯಲ್ಲಿ ಗದ್ದೆಯ ಹಸಿರು ನೋಡುತ್ತ ನಿಂತಿದ್ದೆ. ಬಾಗಿಲಿಗೆ ಬಂಡಿಯೊಂದು ನಿಂತಿತು. ಎಲೆಯ ಕಟ್ಟುಗಳ ನಡುವಿನಿಂದ ಎಲೆಯಾಕೆಯ ಮಗಳು ಇಳಿದಳು; ಈಗ ಅವಳ ಕಂಕುಳಲ್ಲಿ ಒಂದು ಕೂಸು. ಇನ್ನೊಂದು ಕೈಯಲ್ಲಿ ಆ ವರ್ಷದ ಮೊದಲ ಪತ್ರಾವಳಿಯನ್ನು ಬಿಡಿಯಾಗಿ ಹಿಡಿದಿದ್ದಳು. ಒಳಗೆ ಬಂದು ಅದನ್ನು ನನ್ನ ಮುಂದೆ ಹಾಸಿದಳು.

ನಾನು ಮಣೆ ಹಾಕಿಕೊಂಡು ಕೂತೆ.

ಅತ್ತೆಯವರು ಬೆರಗಾದರು. “ಈಗಿನ್ನೂ ಉಂಡೀಯಲ್ಲ?”

“ಮತ್ತ ಹಸಿವಾಗೈತ್ರಿ ಅತ್ತೀ,” ಎಂದೆ.