ಹಗ್ಗವೋ ಮಾತ್ರೆಯೋ

೨೦೦೪ರಲ್ಲಿ ನಾನು ಹುಣಸೂರಿನಲ್ಲಿ ಸರ್ಕಾರಿ ಆಸ್ಪತ್ರೆಯ ಮಕ್ಕಳ ವೈದ್ಯೆ. ತಂಬಾಕು ಬೇಯಿಸುವ ಕಾಲ. ಸುತ್ತಲಿನ ಹಳ್ಳಿಗಳಲ್ಲಿ ಸೊಪ್ಪು ಹದ ಮಾಡುವ ಬ್ಯಾರನ್‌ಗಳ ಒಲೆ ಹಗಲು ರಾತ್ರಿ ಉರಿಯುತ್ತಿತ್ತು. ಅಂಥದೊಂದು ಒಲೆಯ ಬಾಯಿಗೆ ಕೈ ಹಾಕಿ ಸುಟ್ಟುಕೊಂಡ ಎಂಟು ವರ್ಷದ ರೂಪಾಳನ್ನು ತಾಯಿ ಜಯಮ್ಮ, ಅಜ್ಜಿ ಕೆಂಪಮ್ಮ ಕರೆತಂದರು.

ಅಂಗೈಗೆ ಮುಲಾಮು ಹಚ್ಚುವಾಗ ಕಾಲಿನ ಮೇಲೆ ಹಗ್ಗದ ಗುರುತು ಕಂಡಿತು. ನನ್ನ ಪಿತ್ತ ನೆತ್ತಿಗೇರಿತು. "ಮಗೂನ ಕಟ್ಟಿಹಾಕ್ತೀರಾ? ಪೊಲೀಸರಿಗೆ ಹೇಳ್ತೀನಿ!" ಎಂದು ಕಿರುಚಿದೆ.

ಕೆಂಪಮ್ಮ ಹೆದರುವ ಹೆಂಗಸಲ್ಲ. "ಯೋಳ್ಕೊಳಿ. ಮೊನ್ನೆ ಬಿಚ್ಚಿ ಬುಟ್ಟಿದ್ಕೇ ಇಂಗಾಗದೆ. ನಾವೆಲ್ಲ ಸೊಪ್ಪು ಕಟ್ತಿದ್ರೆ ಇವ್ಳ ಕಾಯೋಕೆ ನೀವ್ ಬತ್ತೀರಾ?"

ಪೊಲೀಸರ ಮಾತು ಬಿಟ್ಟು ಮೈಸೂರಿಗೆ ಚೀಟಿ ಬರೆದುಕೊಟ್ಟೆ.

ಅಲ್ಲಿನ ಮನೋವೈದ್ಯರು ಪರೀಕ್ಷಿಸಿ ಎಡಿಎಚ್‌ಡಿ ಎಂದರು. ಗಮನ ನಿಲ್ಲದ, ಯೋಚನೆಗಿಂತ ಮೊದಲೇ ಕೈಕಾಲು ಓಡುವ ತೊಂದರೆ ಇದು. ಪೊಗರಲ್ಲ, ದೆವ್ವವೂ ಅಲ್ಲ. ಮೀಥೈಲ್‌ಫೆನಿಡೇಟ್ ಮಾತ್ರೆ ಕೊಡಬಹುದು, ಮನೆಯವರೊಡನೆ ಕೂತು ತೀರ್ಮಾನಿಸಿ ಎಂದು ನನಗೇ ಒಪ್ಪಿಸಿದರು.

ಕೂತೆವು. ಕರೆಯದಿದ್ದರೂ ಅವಳ ಶಾಲೆಯ ಹೆಡ್‌ಮೇಷ್ಟ್ರೂ ಬಂದು ವಕ್ಕರಿಸಿದರು. "ಮಾತ್ರೆ ಕೊಟ್ಟು ಸುಮ್ನೆ ಕೂರೋ ಹಾಗೆ ಮಾಡಿ. ಇಲ್ಲಾಂದ್ರೆ ಟಿ.ಸಿ. ಕೊಟ್ಟು ಕಳಿಸ್ತೀನಿ."

"ತರಗತಿಯಲ್ಲಿ ನಿಮಗೆ ನಿದ್ದೆ ಬರ್ತಿಲ್ಲ ಅಂದ್ರೆ ಮಾತ್ರೆ ನಿಮಗೇ ಬರ್ಕೊಡ್ತೀನಿ ಮೇಷ್ಟ್ರೇ," ಎಂದೆ. ಆ ಮನುಷ್ಯನ ಮೇಲಿನ ಸಿಟ್ಟಿಗೇ ಮಾತ್ರೆ ಬೇಡವೆನ್ನಬೇಕು ಅನಿಸಿತ್ತು.

ಕೆಂಪಮ್ಮ ಇಬ್ಬರನ್ನೂ ಬಿಡಲಿಲ್ಲ. "ಅಗ್ಗ ಆದ್ರೆ ಸಂಜಿಗೆ ಬಿಚ್ಬೋದು. ವಟ್ಟೆಗೋದ್ ಮಾತ್ರೆ ಬಿಚ್ಚಾಕಾಯ್ತದಾ? ನನ್ ಮೊಮ್ಮಗ್ಳು ಮಂಕಾದ್ರೆ ಯಾರ್ ಕೇಳೋರು?"

ಪ್ರಶ್ನೆ ಸರಿಯಾಗೇ ಇತ್ತು. ಈ ಮಾತ್ರೆಯ ಪ್ರಭಾವ ಕೆಲವೇ ಗಂಟೆ, ಅದೂ ಸಂಜೆಗೆ ಬಿಚ್ಚಿಕೊಳ್ಳುತ್ತದೆ. ಹಸಿವು, ನಿದ್ದೆ ಕಡಿಮೆಯಾಗಬಹುದು, ತಿಂಗಳಿಗೊಮ್ಮೆ ತೂಕ ನೋಡುತ್ತೇನೆ, ಮಂಕಾದರೆ ಅಂದೇ ನಿಲ್ಲಿಸುತ್ತೇನೆ ಎಂದೆ. ಮುದುಕಿ ಮುಖ ತಿರುವಿದಳು.

ಜಯಮ್ಮ ಎದ್ದು ನಿಂತಳು. "ಮೇಷ್ಟ್ರುದೂ ಬ್ಯಾಡ, ಅತ್ತೇದೂ ಬ್ಯಾಡ. ನನ್ ಮಗ್ಳು ಒಲೆ ಬಾಯ್ಗೆ ಕೈ ಇಕ್ಕದಂಗೆ ಇರ್ತಾಳಾ? ಅಷ್ಟು ಯೋಳಿ ಡಾಕ್ಟ್ರಮ್ಮ."

"ಖಂಡಿತ ಅಂತ ಹೇಳಲ್ಲಮ್ಮ. ಕೈ ಹಾಕೋ ಮೊದಲು ಒಂದು ಗಳಿಗೆ ನಿಂತು ನೋಡಬಹುದು."

"ಆ ಒಂದ್ ಗಳಿಗೆ ಸಾಕು. ಕೊಡಿ."

ಕಡಿಮೆ ಪ್ರಮಾಣದಲ್ಲೇ ಶುರು ಮಾಡಿದೆ. ಮುಂದಿನ ತಿಂಗಳು ಮೊದಲು ಬಂದವರು ಹೆಡ್‌ಮೇಷ್ಟ್ರು: ಹುಡುಗಿ ಲೆಕ್ಕ ಮಾಡುತ್ತಾಳಂತೆ, ಆದರೆ ಇನ್ನೂ ಪ್ರಶ್ನೆ ಕೇಳುತ್ತಾಳಂತೆ, ಡೋಸ್ ಏರಿಸಬೇಕಂತೆ! ಬಾಗಿಲು ತೋರಿಸಿದೆ. ಮಗುವಿಗೆ ಮದ್ದು ಬರೆಯುವಾಗ ಅದು ಯಾರ ಕಷ್ಟಕ್ಕೆ ಎಂದು ಮೊದಲು ಕೇಳಿಕೊಳ್ಳಬೇಕು. ಮಗುವಿನದಲ್ಲದಿದ್ದರೆ ಪೆನ್ನು ಮುಚ್ಚಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು.

ಅದೇ ವಾರ ಕೆಂಪಮ್ಮ ಜಗಳಕ್ಕೇ ಬಂದಳು. "ಮಧ್ಯಾನ ಅರ್ಧ ಮುದ್ದೆ ಬುಡ್ತಾಳೆ ಕಣವ್ವ, ಏನ್ ಮದ್ದು ನಿಂದು!" ತೂಕ ನೋಡಿದೆ, ಇಳಿದಿರಲಿಲ್ಲ. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಿ ಆಮೇಲೆ ಮಾತ್ರೆ ಕೊಡಿ ಎಂದೆ.

"ನಿನ್ ಮಾತ್ರೆ ಮ್ಯಾಲೆ ನಂಗೇನೂ ನಂಬ್ಕೆ ಇಲ್ಲ," ಎಂದು ಗೊಣಗುತ್ತ ಮುದುಕಿ ಬಾಗಿಲವರೆಗೆ ಹೋಗಿ ತಿರುಗಿದಳು. "ಅಗ್ಗ ಸುಮ್ನೆ ಬಿದ್ದಿತ್ತು. ನಮ್ ಎಮ್ಮೆ ಕರೀಗೆ ಕಟ್ಟಿವ್ನಿ."